1800 ಕಿ.ಮೀ. ಒಂಟಿ ಸೈಕಲ್ ಪ್ರಯಾಣ: ಹಿಂದಿನ ಗಾಲಿಯ ಸ್ಪೋಕ್ ಮುರೀತಿದೆ, ಮಂಡಿ ನೋವು, ಟೆಂಟ್ ಒಳಗೆ ನೀರು

ಒಂಟಿ ಪೆಡಲ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಒಬ್ಬನೇ ಹೊರಟಿದ್ದೇನೆ. ಸುಮಾರು 1800 ಕಿ.ಮೀ., 30 ದಿನ, ರಾತ್ರಿ ಟೆಂಟಿನಲ್ಲಿ. ಹೊರಡಲು ಇನ್ನೂ ಆರು ವಾರ ಇದೆ. ಪೂರ್ತಿ ಸಾಮಾನು ಹೇರಿಕೊಂಡು ಎರಡು ದಿನ 140 ಕಿ.ಮೀ. ಓಡಿಸಿ ನೋಡಿದಾಗ ಸಿಕ್ಕ ಫಲ ಹೀಗಿದೆ.

ಹಿಂದಿನ ಗಾಲಿಯಲ್ಲಿ ಎರಡು ಸ್ಪೋಕ್ ಮುರಿದವು, ಎರಡೂ ಚೈನ್ ಬದಿಯವು, ಹಬ್ (ಗಾಲಿಯ ನಡುಭಾಗ) ಹತ್ತಿರ ಬಾಗಿರುವ ಜಾಗದಲ್ಲೇ. ಏರು ಹತ್ತುವಾಗ ಮಂಡಿಯ ಮುಂಭಾಗ ನೋವು. ಮಳೆ ಬರದಿದ್ದರೂ ಬೆಳಿಗ್ಗೆ ಟೆಂಟಿನ ಒಳಮೈಯಿಂದ ನೀರು ತೊಟ್ಟಿಕ್ಕಿ ಸ್ಲೀಪಿಂಗ್ ಬ್ಯಾಗ್ ಒದ್ದೆ.

ವಿವರ: ನನ್ನ ತೂಕ 70 ಕೆ.ಜಿ., ಸೈಕಲ್ 15, ಸಾಮಾನು 24. ಎಲ್ಲವೂ ಹಿಂದಿನ ಕ್ಯಾರಿಯರ್ ಮೇಲೆ. ಗಾಲಿ 32 ಸ್ಪೋಕಿನದು, ಟೈರ್ 700×40. ಮುಂದಿನ ಎರಡು ಹಲ್ಲುಚಕ್ರಗಳಲ್ಲಿ 50 ಮತ್ತು 34 ಹಲ್ಲು, ಹಿಂದೆ ದೊಡ್ಡದರಲ್ಲಿ 28. ಮುರಿದ ಎರಡು ಸ್ಪೋಕ್ ಬದಲಿಸಿ ಬೆಂಡ್ ತೆಗೆಸಿದ್ದೇನೆ. ಅಷ್ಟು ಸಾಕಾ?

ಗಾಲಿ ವೈದ್ಯ

ಸಾಲದು. ಆ ಬದಿಯ ಉಳಿದ 14 ಸ್ಪೋಕ್‌ಗಳೂ ಅಷ್ಟೇ ದೂರ ಓಡಿವೆ, ಅಷ್ಟೇ ದಣಿದಿವೆ. ಮುಂದಿನ ಸರದಿ ಅವುಗಳದ್ದು.

ಸ್ಪೋಕ್ ಭಾರಕ್ಕೆ ಹರಿಯುವುದು ಅಪರೂಪ, ದಣಿದು ಮುರಿಯುವುದೇ ಹೆಚ್ಚು. ಗಾಲಿ ಒಂದು ಸುತ್ತು ಸುತ್ತಿದಾಗ ಪ್ರತಿ ಸ್ಪೋಕ್ ಒಮ್ಮೆ ಕೆಳಗೆ ಬರುತ್ತದೆ, ಆಗ ಅದರ ಬಿಗಿ ಇಳಿಯುತ್ತದೆ, ಮೇಲೆ ಹೋದಾಗ ಮತ್ತೆ ಏರುತ್ತದೆ. ಕಿಲೋಮೀಟರಿಗೆ ಸುಮಾರು 450 ಸಲ. ಮೊದಲೇ ಬಿಗಿ ಕಡಿಮೆ ಇದ್ದು ಮೇಲೆ ಭಾರವೂ ಕೂತರೆ, ಕೆಳಗೆ ಬಂದಾಗ ಪೂರ್ತಿ ಸಡಿಲವಾಗಿ ಬಾಗಿದ ಕುತ್ತಿಗೆಯ ಹತ್ತಿರ ಅಲುಗಾಡುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ತುಂಡು ಮಾಡುತ್ತೇವಲ್ಲ, ಅದೇ ಕಥೆ.

ಮಾಡಬೇಕಾದ್ದು: ಹಬ್ ಮತ್ತು ರಿಮ್ ಚೆನ್ನಾಗಿದ್ದರೆ ಹಿಂದಿನ ಗಾಲಿಯ ಎಲ್ಲ 32 ಸ್ಪೋಕ್ ತೆಗೆಸಿ ಹೊಸದು ಕಟ್ಟಿಸಿ. ನಡು ಸಣ್ಣಗಿರುವ 2.0/1.8/2.0 ಮಿ.ಮೀ. ಸ್ಪೋಕ್ ಕೇಳಿ. ನಡು ಸ್ವಲ್ಪ ಹಿಗ್ಗುವುದರಿಂದ ಕುತ್ತಿಗೆಯ ಮೇಲಿನ ಪೆಟ್ಟು ಕಡಿಮೆ. ಚೈನ್ ಬದಿಯ ಬಿಗಿ 110–120 ಕೆ.ಜಿ. ಬಲ ಬರಲಿ, ಆದರೆ ರಿಮ್ ಮಾಡಿದವರು ಹೇಳಿದ ಮಿತಿ ಮೀರಬಾರದು. ಅಳತೆ ಮೀಟರ್ ಹಿಡಿದು ನೋಡುವವರ ಹತ್ತಿರವೇ ಕಟ್ಟಿಸಿ. ಬೆರಳಲ್ಲಿ ಮೀಟಿ ‘ಸರಿ ಇದೆ’ ಅನ್ನುವವರನ್ನು ಈ ಕೆಲಸಕ್ಕೆ ನಂಬಬೇಡಿ. ಕಟ್ಟಿದ ಮೇಲೆ ಅಕ್ಕಪಕ್ಕದ ಜೋಡಿ ಸ್ಪೋಕ್‌ಗಳನ್ನು ಕೈಯಲ್ಲಿ ಗಟ್ಟಿಯಾಗಿ ಹಿಸುಕಿ ಕೂರಿಸಿ, ಮತ್ತೊಮ್ಮೆ ಬೆಂಡ್ ತೆಗೆಯಬೇಕು. ಯಂತ್ರದಲ್ಲಿ ಕಟ್ಟಿದ ಗಾಲಿಗಳಲ್ಲಿ ಬಹಳ ಸಲ ಬಿಟ್ಟುಹೋಗುವುದು ಇದೇ ಹೆಜ್ಜೆ. ಹೊಸ ಗಾಲಿಯನ್ನೇ ಕೊಳ್ಳುವುದಾದರೆ 36 ಸ್ಪೋಕಿನದನ್ನೇ ಕೊಳ್ಳಿ.

ಇನ್ನು ಭಾರ. 24 ಕೆ.ಜಿ.ಯೂ ಹಿಂದೆ ಇದ್ದರೆ ಯಾವ ಗಾಲಿಯೂ ಬಹಳ ದಿನ ಸುಮ್ಮನಿರುವುದಿಲ್ಲ. 8–9 ಕೆ.ಜಿ. ಮುಂದಿನ ಫೋರ್ಕಿಗೆ (ಮುಂದಿನ ಗಾಲಿ ಹಿಡಿದಿರುವ ಕವಲಿಗೆ), ಆಕ್ಸಲ್ ಮಟ್ಟಕ್ಕೆ ಹತ್ತಿರವಾಗಿ ಬರಲಿ. ಆಹಾರ, ನೀರು, ಒಲೆ, ಪರಿಕರ ಮುಂದೆ. ಬಟ್ಟೆ, ಸ್ಲೀಪಿಂಗ್ ಬ್ಯಾಗ್ ಹಿಂದೆ. ಎಡಬಲ ತೂಕ ಸಮ ಇರಬೇಕು. ಇಲ್ಲದಿದ್ದರೆ ಇಳಿಜಾರಿನಲ್ಲಿ ಹ್ಯಾಂಡಲ್ ನಡುಗಲು ಶುರುವಾಗುತ್ತದೆ.

ಹಲ್ಲಿನ ಲೆಕ್ಕ

ಮಂಡಿಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಗೇರ್ ಹೊರೆ ಹೊರುವ ಸೈಕಲ್ಲಿನದಲ್ಲ, ಅದೇ ಮುಖ್ಯ ಕಾರಣ.

700×40 ಟೈರಿನ ಸುತ್ತಳತೆ ಸುಮಾರು 2.2 ಮೀಟರ್. 34/28 ಗೇರಿನಲ್ಲಿ ಪೆಡಲ್ ಒಂದು ಸುತ್ತಿಗೆ 2.67 ಮೀ. ಮುಂದೆ ಹೋಗುತ್ತೀರಿ. ಸೆಕೆಂಡಿಗೆ ಒಂದು ಸುತ್ತು ತುಳಿದರೆ ಗಂಟೆಗೆ 9.6 ಕಿ.ಮೀ. ಒಟ್ಟು ತೂಕ 110 ಕೆ.ಜಿ. ಹಿಡಿಯಿರಿ. 6% ಏರಿನಲ್ಲಿ ಆ ವೇಗಕ್ಕೆ ಬರೀ ತೂಕ ಎತ್ತಲಿಕ್ಕೇ 170 ವಾಟ್ ಬೇಕು. ದಿನವಿಡೀ ಅಷ್ಟು ಕೊಡಲು ಆಗುವುದಿಲ್ಲ, ಹಾಗಾಗಿ ತುಳಿತ ನಿಧಾನವಾಗುತ್ತದೆ, ಪ್ರತಿ ತುಳಿತಕ್ಕೂ ಬೇಕಾಗುವ ಬಲವನ್ನು ಮಂಡಿ ಕೊಡುತ್ತದೆ. ಮುಂದೆ 26, ಹಿಂದೆ 34 ಹಾಕಿದರೆ ಒಂದು ಸುತ್ತಿಗೆ 1.68 ಮೀ. ಅದೇ ತುಳಿತಕ್ಕೆ ಗಂಟೆಗೆ 6 ಕಿ.ಮೀ., ಸುಮಾರು 110 ವಾಟ್. ನಡೆಯುವುದಕ್ಕಿಂತ ಸ್ವಲ್ಪ ಜೋರು, ಆದರೆ ಸಂಜೆಯವರೆಗೂ ನಡೆಯುವ ಲೆಕ್ಕ.

ಕ್ರ್ಯಾಂಕ್ (ಮುಂದಿನ ಹಲ್ಲುಚಕ್ರಗಳಿರುವ ಪೆಡಲ್ ತೋಳು) ಬದಲಿಸುವ ಮನಸ್ಸಿಲ್ಲದಿದ್ದರೆ ಕನಿಷ್ಠ ದೊಡ್ಡದು 34 ಹಲ್ಲಿರುವ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಹಾಕಿಸಿ. ಎರಡು ಎಚ್ಚರಿಕೆ. ಹಿಂದಿನ ಡಿರೈಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಅಷ್ಟು ದೊಡ್ಡ ಹಲ್ಲನ್ನು ತಡೆಯುತ್ತದೆಯೇ ಮೊದಲು ನೋಡಿ. ಚೈನನ್ನೂ ಹೊಸದಾಗಿ ಅಳೆದು ಹಾಕಿ: ಡಿರೈಲರ್ ಬಿಟ್ಟು ಮುಂದಿನ ದೊಡ್ಡದು, ಹಿಂದಿನ ದೊಡ್ಡದಕ್ಕೆ ನೇರ ಸುತ್ತಿ, ಅದರ ಮೇಲೆ 2 ಕೊಂಡಿ. ಹಳೆಯ ಗಿಡ್ಡ ಚೈನ್ ಹಾಗೇ ಬಿಟ್ಟು, ಅಕಸ್ಮಾತ್ ದೊಡ್ಡದು-ದೊಡ್ಡದಕ್ಕೆ ಗೇರ್ ಹಾಕಿದಿರೋ, ಡಿರೈಲರ್ ಕಿತ್ತುಕೊಂಡು ಬರುತ್ತದೆ.

ಸೀಟಿನ ಎತ್ತರವನ್ನೂ ನೋಡಿ. ಪೆಡಲ್ ತೀರಾ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಸೀಟು ತಗ್ಗಾಗಿದ್ದರೂ ನೋವು ಬರುವುದು ಮಂಡಿಯ ಮುಂದೆಯೇ. ಒಂದೇ ಸಲ ಎತ್ತಬೇಡಿ, ಸಲಕ್ಕೆ 3–4 ಮಿ.ಮೀ. ಸಾಕು.

ಇಬ್ಬನಿ

ಟೆಂಟ್ ಸೋರುತ್ತಿಲ್ಲ, ಅದು ನಿಮ್ಮದೇ ಉಸಿರು. ರಾತ್ರಿಯಿಡೀ ಉಸಿರು, ಬೆವರಿನಿಂದ ಹೊರಬಂದ ಆವಿ ತಣ್ಣಗಾದ ಹೊರಬಟ್ಟೆಗೆ ತಾಗಿ ನೀರಾಗುತ್ತದೆ. ಚಳಿ ಅಂತ ಕಿಂಡಿ ಮುಚ್ಚಿದಷ್ಟೂ ಜಾಸ್ತಿ.

ಕೆಳಗೊಂದು ಮೇಲೊಂದು ಗಾಳಿಕಿಂಡಿ ತೆರೆದಿಡಿ, ಗಾಳಿ ಒಳಬಂದು ಹೊರಹೋಗುವ ದಾರಿ ಇರಬೇಕು. ಹೊರಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟಿ. ಅದು ರಾತ್ರಿ ಜೋತುಬಿದ್ದು ಒಳಬಟ್ಟೆಗೆ ಅಂಟಿದ ಕಡೆಯೇ ಒದ್ದೆ ದಾಟುವುದು. ಒದ್ದೆ ಬಟ್ಟೆ, ಶೂ ಹೊರಗಿನ ಪಡಸಾಲೆಯಲ್ಲಿರಲಿ. ಜಾಗದ ಆಯ್ಕೆ ಇನ್ನೂ ಮುಖ್ಯ: ಕಣಿವೆಯ ತಳ, ಹೊಳೆಯ ದಂಡೆ, ಎತ್ತರ ಹುಲ್ಲಿನ ಬಯಲು ಬೇಡ, ತಣ್ಣನೆ ಗಾಳಿ ಇಳಿದು ನಿಲ್ಲುವುದೇ ಅಲ್ಲಿ. ಹತ್ತಿಪ್ಪತ್ತು ಮೀಟರ್ ಮೇಲೆ, ಮರದ ನೆರಳಿನಲ್ಲಿ ಇಬ್ಬನಿ ಎಷ್ಟೋ ಕಡಿಮೆ. ಆದರೆ ತಲೆ ಎತ್ತಿ ಒಣಕೊಂಬೆ ಇದೆಯೇ ನೋಡಿಕೊಳ್ಳಿ. ಬತ್ತಿದ ಹಳ್ಳದಲ್ಲಿ ಮಾತ್ರ ಎಂದೂ ಬೇಡ, ಮೇಲೆಲ್ಲೋ ಮಳೆ ಬಿದ್ದರೆ ನಿಮಗೆ ತಿಳಿಯುವ ಮೊದಲೇ ನೀರು ಬಂದಿರುತ್ತದೆ.

ಸ್ಲೀಪಿಂಗ್ ಬ್ಯಾಗ್ ಮೇಲಿನ ಸಂಖ್ಯೆಗಳಲ್ಲಿ ‘ಕಂಫರ್ಟ್’ (ಹಾಯಾಗಿ ಮಲಗಬಹುದಾದ ತಾಪಮಾನ) ನೋಡಿ, ‘ಲಿಮಿಟ್’ (ಹೇಗೋ ತಡೆದುಕೊಳ್ಳಬಹುದಾದದ್ದು) ನೋಡಿ ಕೊಳ್ಳಬೇಡಿ. ಮೈಯ ಕೆಳಗೆ ಸಿಕ್ಕ ಬ್ಯಾಗಿನ ಭಾಗ ಅದುಮಿ ಚಪ್ಪಟೆಯಾಗುವುದರಿಂದ ನೆಲದ ಚಳಿಯನ್ನು ತಡೆಯುವುದು ಕೆಳಗಿನ ಚಾಪೆಯೇ. ಸೊನ್ನೆ ಡಿಗ್ರಿಗಿಂತ ಕೆಳಗೆ ಹೋಗುವ ರಾತ್ರಿಗಳಿದ್ದರೆ ಚಾಪೆಯ ಆರ್-ಮೌಲ್ಯ (ಚಳಿ ತಡೆಯುವ ಶಕ್ತಿಯ ಅಳತೆ) 4 ದಾಟಲಿ.

ಒಲೆಯನ್ನು ಮಳೆ ಬಂದರೂ ಟೆಂಟಿನೊಳಗೆ ಹಚ್ಚಬಾರದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ.

ಒಂಟಿ ಪೆಡಲ್

ತುಂಬಾ ಉಪಯೋಗವಾಯಿತು. ಇನ್ನೆರಡು ಪ್ರಶ್ನೆ: ಫೋರ್ಕಿನಲ್ಲಿ ಕ್ಯಾರಿಯರ್ ಕೂರಿಸಲು ತೂತುಗಳಿಲ್ಲ (ಅಲ್ಯೂಮಿನಿಯಂ ಫೋರ್ಕ್). ದಾರಿಯಲ್ಲಿ ಸ್ಪೋಕ್ ಮುರಿದರೆ ಒಬ್ಬನೇ ಏನು ಮಾಡಲಿ?

ಗಾಲಿ ವೈದ್ಯ

ರಬ್ಬರ್ ಒಳಪದರ ಇರುವ ಕ್ಲಾಂಪ್ ಹಾಕಿ ಎರಡೂ ಬದಿಗೆ ಚೀಲದ ಪಂಜರ ಕೂರಿಸಬಹುದು. ಇಂಥ ಪಂಜರ ಸಾಮಾನ್ಯವಾಗಿ ಬದಿಗೆ 3 ಕೆ.ಜಿ. ಹೊರುತ್ತದೆ. ಕಾರ್ಬನ್ ಫೋರ್ಕಾಗಿದ್ದರೆ ಬೇಡ ಎನ್ನುತ್ತಿದ್ದೆ. ಉಳಿದ ಎರಡು ಮೂರು ಕೆ.ಜಿ. ಹ್ಯಾಂಡಲ್ ಚೀಲಕ್ಕೆ. ಕ್ಯಾರಿಯರಿನ ಎಂ5 ಬೋಲ್ಟುಗಳಿಗೆ ನೀಲಿ ಥ್ರೆಡ್‌ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿ, ಆದರೂ ಮೂರು ದಿನಕ್ಕೊಮ್ಮೆ ಅಲೆನ್ ಕೀ ಮುಟ್ಟಿಸಿ ನೋಡಿ. ಬೋಲ್ಟ್ ತಾನಾಗಿ ಮುರಿಯುವುದಕ್ಕಿಂತ, ಸಡಿಲವಾಗಿ ಅಲುಗಾಡಿ ಮುರಿಯುವುದೇ ಹೆಚ್ಚು. ನಾಲ್ಕು ಬೋಲ್ಟ್ ಹೆಚ್ಚಿಗೆ ಇರಲಿ.

ಸ್ಪೋಕ್ ಮುರಿದಾಗ: ಮೊದಲು ಅದನ್ನು ಪಕ್ಕದ ಸ್ಪೋಕಿಗೆ ಸುತ್ತಿ, ಚೈನಿಗೆ ಸಿಕ್ಕಬಾರದು. ಬಲಬದಿಯದು (ಚೈನ್ ಬದಿಯದು) ಹೋದರೆ ರಿಮ್ ಎಡಕ್ಕೆ ವಾಲುತ್ತದೆ. ಅದರ ಅಕ್ಕಪಕ್ಕದ ಎಡಬದಿಯ ಎರಡು ನಿಪ್ಪಲ್‌ಗಳನ್ನು (ರಿಮ್ ಬಳಿ ಸ್ಪೋಕ್ ಬಿಗಿಸುವ ನಟ್) ಅರ್ಧರ್ಧ ಸುತ್ತು ಸಡಿಲಿಸಿ, ಗಾಲಿ ತಿರುಗಿಸಿ ನೋಡಿ, ಬೇಕಿದ್ದರೆ ಇನ್ನೂ ಕಾಲು ಸುತ್ತು. ಉಜ್ಜದಂತಾದರೆ ಊರು ಮುಟ್ಟಬಹುದು. ಚೈನ್ ಬದಿಗೆ ಹೊಸದು ಹಾಕಲು ಕ್ಯಾಸೆಟ್ ಬಿಚ್ಚಲೇಬೇಕು, ಅದಕ್ಕೆ ಫ್ರೇಮನ್ನೇ ಆನಿಕೆ ಮಾಡಿಕೊಳ್ಳುವ ಪುಟ್ಟ ಲಾಕ್‌ರಿಂಗ್ (ಕ್ಯಾಸೆಟ್ ಬಿಗಿಹಿಡಿದಿರುವ ಉಂಗುರ) ಟೂಲ್ ಸಿಗುತ್ತದೆ. ಬಿಚ್ಚುವ ಗೋಜು ಬೇಡವೆಂದರೆ ಕೆವ್ಲಾರ್ ದಾರದ ತಾತ್ಕಾಲಿಕ ಸ್ಪೋಕ್ ಒಂದಿರಲಿ. ಹಿಂದಿನ ಗಾಲಿಯ ಎಡ, ಬಲ ಸ್ಪೋಕ್‌ಗಳ ಉದ್ದ ಬೇರೆ ಬೇರೆ. ಎರಡೂ ಉದ್ದದ್ದು ಎರಡೆರಡು ತಂದು, ಬಣ್ಣದ ಟೇಪ್ ಸುತ್ತಿ ಗುರುತು ಮಾಡಿ ಸೀಟ್ ಪೈಪಿನೊಳಗೆ ಇಡಿ.

ಟ್ಯೂಬ್ ಎರಡು, ಪ್ಯಾಚ್ ಹತ್ತು, ಸಲ್ಯೂಷನ್ ಪುಟ್ಟ ಟ್ಯೂಬ್ ಎರಡು. ಒಮ್ಮೆ ತೆರೆದದ್ದು ಕೆಲವೇ ವಾರದಲ್ಲಿ ಒಣಗಿ ಕೂತಿರುತ್ತದೆ. ಸಲ್ಯೂಷನ್ನಿನ ಹೊಳಪು ಹೋಗುವವರೆಗೆ, ಅಂದರೆ ಸುಮಾರು 5 ನಿಮಿಷ, ಕಾದು ಆಮೇಲೆ ಪ್ಯಾಚ್ ಒತ್ತಿ. ಟ್ಯೂಬಿನಲ್ಲಿ ಜೋಡಿ ಸೀಳು ಕಂಡರೆ ಗಾಳಿ ಕಡಿಮೆ ಇತ್ತು ಅಂತ, ತೂತು ರಿಮ್ ಕಡೆ ಇದ್ದರೆ ರಿಮ್ ಟೇಪ್ ಜರುಗಿದೆ ಅಂತ. ಇದನ್ನು ನೋಡದೆ ಪ್ಯಾಚ್ ಹಾಕಿದರೆ ಸಂಜೆ ಮತ್ತೆ ಅದೇ ಕೆಲಸ. ನಿಮ್ಮ ತೂಕಕ್ಕೆ ಹಿಂದೆ 50 ಪಿಎಸ್‌ಐ ಆಸುಪಾಸು, ಮುಂದೆ ಅದಕ್ಕಿಂತ ಐದಾರು ಕಡಿಮೆ ಇಟ್ಟು ನೋಡಿ.

ಎದುರುಗಾಳಿ

ಮೇಲಿನವರು ಸೈಕಲ್ ನೋಡಿದರು, ನಾನು ಕ್ಯಾಲೆಂಡರ್ ನೋಡುತ್ತೇನೆ. 1800ನ್ನು 30ರಿಂದ ಭಾಗಿಸಿ ದಿನಕ್ಕೆ 60 ಅಂದುಕೊಂಡಿದ್ದರೆ ತಪ್ಪು. ಆರು ದಿನಕ್ಕೊಂದು ವಿಶ್ರಾಂತಿ, ಮಳೆ-ರಿಪೇರಿಗೆ ಇನ್ನೆರಡು ದಿನ ಕಳೆದರೆ ಓಡಿಸುವ ದಿನ 23, ಅಂದರೆ ದಿನಕ್ಕೆ 78 ಕಿ.ಮೀ. ಮೊದಲ ವಾರ 60 ದಾಟಬೇಡಿ ಎನ್ನುವ ಮಂಡಿ ನಿಮ್ಮದು, ಹಾಗಾಗಿ ಕೊನೆಗೆ 85ರ ದಿನಗಳು ಬರುತ್ತವೆ. 35 ದಿನ ಮಾಡಿಕೊಳ್ಳಲು ಆಗುತ್ತದೆಯೇ ನೋಡಿ. ಆಗದಿದ್ದರೆ ದಾರಿಯನ್ನೇ ಕತ್ತರಿಸಿ.

ಯಾವ ತುದಿಯಿಂದ ಶುರು ಎನ್ನುವುದನ್ನು ಆ ತಿಂಗಳ ಗಾಳಿಯ ದಿಕ್ಕು ನೋಡಿ ತೀರ್ಮಾನಿಸಿ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 15ರ ವೇಗಕ್ಕೆ 15ರ ಎದುರುಗಾಳಿ ಸೇರಿದರೆ ತಡೆ ನಾಲ್ಕು ಪಟ್ಟು.

ಚಾರ್ಜಿಂಗ್ ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. 20,000 ಎಂಎಎಚ್ ಪವರ್ ಬ್ಯಾಂಕ್ ಎಂದರೆ 74 ವಾಟ್-ಅವರ್, ನಷ್ಟ ಕಳೆದು 5,000 ಎಂಎಎಚ್ ಫೋನ್ ಮೂರು ಸಲ ತುಂಬಬಹುದು, ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ. ನಕ್ಷೆ ಮೊದಲೇ ಇಳಿಸಿಕೊಂಡು ಫೋನನ್ನು ಏರ್‌ಪ್ಲೇನ್ ಮೋಡಿನಲ್ಲಿಡಿ. ದಿನಕ್ಕೆರಡು ಸಲ, ಗೊತ್ತುಮಾಡಿದ ಹೊತ್ತಿಗೆ, ಮನೆಯವರಿಗೆ ಇರುವ ಜಾಗ ಕಳಿಸಿ. ಎಷ್ಟು ಗಂಟೆ ಸುದ್ದಿ ಇಲ್ಲದಿದ್ದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಹೊರಡುವ ಮೊದಲೇ ಅವರಿಗೆ ಬರೆದುಕೊಡಿ.

ಹೊಸ ಗಾಲಿ, ಹೊಸ ಗೇರ್ ಬಂದ ಮೇಲೆ ಮತ್ತೆ ಮೂರು ದಿನ ಪೂರ್ತಿ ಹೊರೆಯೊಂದಿಗೆ ಓಡಿಸಿ, ಗಾಲಿಯನ್ನು ಮತ್ತೊಮ್ಮೆ ಬಿಗಿ ನೋಡಿಸಿ. ಆರು ವಾರದಲ್ಲಿ ಅದಕ್ಕೆ ಸಮಯ ಇದೆ, ಕ್ಯಾಸೆಟ್ ಈ ವಾರವೇ ತರಿಸಿ.