ಪದ್ಮಿನಿಯ ಇಂಜಿನ್ ಮೌಂಟಿಂಗ್: ಹೊಸದು ಹಾಕಬೇಕಾ, ಹಳೇದೇ ರಿಪೇರಿ ಆಗುತ್ತಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ತಂದೆಯವರ 1978ರ ಪ್ರೀಮಿಯರ್ ಪದ್ಮಿನಿ ಕಾರು ಈಗಲೂ ಓಡುತ್ತಿದೆ. ಸಿಗ್ನಲ್‌ನಲ್ಲಿ ನಿಂತರೆ ಸ್ಟಿಯರಿಂಗ್, ಡ್ಯಾಶ್‌ಬೋರ್ಡ್ ಎಲ್ಲ ನಡುಗುತ್ತೆ. ಕ್ಲಚ್ ಬಿಟ್ಟ ಕೂಡಲೇ ಕೆಳಗೆ ‘ಧಡ್’ ಅನ್ನುತ್ತೆ. ಮೌಂಟಿಂಗ್, ಅಂದರೆ ಇಂಜಿನ್ ಕೂರುವ ರಬ್ಬರ್-ಲೋಹದ ಆಸರೆ, ಹೋಗಿದೆ ಅಂತಾರೆ. ನಿಜವಾ?

ಉತ್ತರ: ಹೋಗಿರಬಹುದು, ಆದರೆ ನೋಡದೆ ಬಿಚ್ಚಿಸಬೇಡಿ. ನಡುಕ ಮಾತ್ರ ಇದ್ದಿದ್ದರೆ ಮೊದಲು ಪ್ಲಗ್, ಪಾಯಿಂಟ್ (ಪ್ಲಗ್‌ನ ಕಿಡಿಯ ಸಮಯ ನಿಭಾಯಿಸುವ ಸ್ವಿಚ್), ಕಾರ್ಬ್ಯುರೇಟರ್ ನೋಡಿ ಅನ್ನುತ್ತಿದ್ದೆ. ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೂ ಗಾಡಿ ಹೀಗೇ ನಡುಗುತ್ತೆ. ಸದ್ದೂ ಇರುವುದರಿಂದ ಮೌಂಟಿಂಗ್ ಮೇಲೆ ಅನುಮಾನ ಸರಿಯೇ.

ಬಾನೆಟ್ ಎತ್ತಿ, ಹ್ಯಾಂಡ್‌ಬ್ರೇಕ್ ಹಾಕಿ. ಒಬ್ಬರು ಒಳಗೆ ಕೂತು ಬ್ರೇಕ್ ಗಟ್ಟಿಯಾಗಿ ತುಳಿದು, ಫಸ್ಟ್ ಗೇರ್‌ನಲ್ಲಿ ಕ್ಲಚ್ ಸ್ವಲ್ಪವೇ ಬಿಡಲಿ. ನೀವು ಬದಿಯಲ್ಲಿ ನಿಂತು ನೋಡಿ, ಗಾಡಿಯ ಮುಂದೆ ಮಾತ್ರ ನಿಲ್ಲಬೇಡಿ. ಗಾಡಿ ಮುಂದಕ್ಕೆ ಎಳೆಯುವಾಗ ಇಂಜಿನ್‌ನ ಎಡಭಾಗ ಮೇಲೇಳಲು ನೋಡುತ್ತೆ, ಹಾಗಾಗಿ ಎಡಗಡೆಯ ರಬ್ಬರ್ ಹರಿಯುವುದೇ ಹೆಚ್ಚು. ತುಸು ಅಲುಗಿದರೆ ಸರಿ. ಎದ್ದು ಕುಕ್ಕಿದರೆ ರಬ್ಬರ್ ಲೋಹದಿಂದ ಬಿಟ್ಟಿದೆ ಎಂದರ್ಥ. ಇಂಜಿನ್ ಕುಸಿದಿದ್ದರೆ ಫ್ಯಾನ್ ರೇಡಿಯೇಟರ್‌ಗೆ ತಾಗುವ ಅಪಾಯವೂ ಇದೆ. ಅದನ್ನು ಇವತ್ತೇ ನೋಡಿ.

ಪ್ರಶ್ನೆ: ನೋಡಿದೆ ಸರ್, ಎಡಗಡೆ ಎದ್ದು ಬೀಳುತ್ತೆ. ರಬ್ಬರ್ ಎಣ್ಣೆಯಲ್ಲಿ ನೆನೆದು ಉಬ್ಬಿದೆ. ಅಂಟಿಸಿಕೊಡ್ತೀನಿ ಅಂತ ಒಬ್ಬರು ಹೇಳಿದರು.

ಉತ್ತರ: ಅಂಟಿಸಿದ್ದು ನಿಲ್ಲುವುದಿಲ್ಲ. ರಬ್ಬರನ್ನು ಅಚ್ಚಿನಲ್ಲಿಟ್ಟು, ಬಿಸಿ ಮತ್ತು ಒತ್ತಡ ಕೊಟ್ಟು ಲೋಹಕ್ಕೆ ಬೆಸೆದಿರುತ್ತಾರೆ. ಹಳೇ ಪ್ಲೇಟ್ ಚೆನ್ನಾಗಿದ್ದರೆ ತುಕ್ಕು ತೆಗೆಸಿ, ಅದೇ ರೀತಿ ಹೊಸ ರಬ್ಬರ್ ಕೂರಿಸುವವರ ಹತ್ತಿರ ಕೊಡಬಹುದು. ಹೊಸದನ್ನೇ ಕೊಳ್ಳುವುದಾದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಹಳೇದನ್ನು ಕೈಯಲ್ಲೇ ಒಯ್ದು ಎತ್ತರ, ತೂತಿನ ಅಳತೆ ಹೋಲಿಸಿ ನೋಡಿ. ಡಬ್ಬಿ ಬಿಚ್ಚದ ಹಳೇ ಸ್ಟಾಕ್ ಅಂದರೆ ಮರುಳಾಗಬೇಡಿ, ಇಟ್ಟಲ್ಲೇ ರಬ್ಬರ್ ಒಣಗಿ ಬಿರಿದಿರುತ್ತೆ. ಗಟ್ಟಿ ರಬ್ಬರ್ ಬಾಳಿಕೆ ಬರುತ್ತೆ ಅಂತ ಹಾಕಿಸಿದರೆ ಇಂಜಿನ್ ನಡುಕವೆಲ್ಲ ಕಾರಿನ ಬಾಡಿಯೊಳಗೆ ಇಳಿಯುತ್ತೆ. ಎಡ, ಬಲ ಎರಡನ್ನೂ ಒಟ್ಟಿಗೆ ಬದಲಿಸಿ, ಗೇರ್‌ಬಾಕ್ಸ್ ಕೆಳಗಿನದನ್ನೂ ಪರೀಕ್ಷಿಸಿ.

ಅದಕ್ಕೂ ಮೊದಲು ಎಣ್ಣೆ ಎಲ್ಲಿಂದ ಸೋರುತ್ತಿದೆ ಅಂತ ಹುಡುಕಿಸಿ. ಇಂಜಿನ್ ಮೇಲಿನ ಮುಚ್ಚಳದ (ಟ್ಯಾಪೆಟ್ ಕವರ್) ಪ್ಯಾಕಿಂಗ್ ಕಡೆಯಿಂದ ಶುರುಮಾಡಿ. ಸೋರಿಕೆ ನಿಲ್ಲಿಸದಿದ್ದರೆ ಹೊಸ ರಬ್ಬರಿಗೂ ಇದೇ ಗತಿ. ನನ್ನ ಪ್ರಕಾರ ಇಲ್ಲಿ ಮುಖ್ಯ ಕೆಲಸ ಇದೇ.

ಪ್ರಶ್ನೆ: ಮನೆ ಹತ್ತಿರದ ಮೆಕ್ಯಾನಿಕ್ ಮಾಡ್ತಾರೆ. ಏನು ಹೇಳಲಿ ಸರ್?

ಉತ್ತರ: ಮೌಂಟಿಂಗ್ ಬದಲಿಸಲು ಇಂಜಿನ್ ಎತ್ತಬೇಕು. ಇಂಜಿನ್ ತಳದ ಆಯಿಲ್ ಚೇಂಬರ್ ತೆಳು ತಗಡು, ಅದಕ್ಕೆ ಜಾಕ್ ನೇರ ಕೊಟ್ಟರೆ ನೆಗ್ಗುತ್ತೆ. ನಡುವೆ ಅಗಲವಾದ ಮರದ ಹಲಗೆ ಇಡಲಿ. ಮೇಲೆತ್ತುವಾಗ ರೇಡಿಯೇಟರ್ ಹೋಸ್, ಆಕ್ಸಿಲರೇಟರ್ ರಾಡ್, ಸೈಲೆನ್ಸರ್ ಪೈಪ್ ಎಳೆಯದಂತೆ ನೋಡಿಕೊಳ್ಳಲಿ. ಬೋಲ್ಟ್‌ಗಳನ್ನೆಲ್ಲ ಮೊದಲು ಸಡಿಲವಾಗಿಯೇ ಹಾಕಿ, ಇಂಜಿನ್ ಭಾರ ಪೂರ್ತಿ ರಬ್ಬರಿನ ಮೇಲೆ ಕೂತ ಮೇಲೆ ಬಿಗಿಯಲಿ. ಜಾಕ್ ಮೇಲಿರುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಕೂರುತ್ತೆ. ಕೊನೆಗೆ ಇಂಜಿನ್ ಮತ್ತು ಕಾರಿನ ಬಾಡಿ ನಡುವಿನ ಅರ್ತ್ ಪಟ್ಟಿ (ಕರೆಂಟು ಬ್ಯಾಟರಿಗೆ ಮರಳುವ ದಾರಿ) ಹಾಕಿದ್ದಾರಾ ನೋಡಿ. ಅದನ್ನು ಮರೆತರೆ ಸೆಲ್ಫ್ ಹೊಡೆಯುವಾಗ ಕರೆಂಟು ಚೋಕ್ ಕೇಬಲ್ ಮೂಲಕ ಹರಿದು ಕೇಬಲ್ ಸುಡಬಹುದು. ಇಂಜಿನ್ ಎತ್ತರ ಬದಲಾಗಿರುವುದರಿಂದ ಸ್ಟಿಯರಿಂಗ್ ಪಕ್ಕದ ಗೇರ್ ರಾಡ್‌ಗಳನ್ನೂ ಒಮ್ಮೆ ಹೊಂದಿಸಿಕೊಡಲಿ.