ಸೇಂಟ್ ಆಗಸ್ಟೀನ್‌ನ ಹಳೆಯ ಊರು: ಅಪ್ಪ ಅಮ್ಮನಿಗೆ ಏನು ತೋರಿಸಲಿ?

ಒರ್ಲ್ಯಾಂಡೋದಿಂದ ಪ್ರಶ್ನೆ: ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ. ಇಲ್ಲಿನ ಥೀಮ್ ಪಾರ್ಕ್‌ಗಳು ಅವರಿಗೆ ಸಾಕಾಗಿ ಹೋಗಿವೆ. ಇಲ್ಲೇ ಫ್ಲಾರಿಡಾದಲ್ಲಿ ಸ್ಪೇನ್‌ನವರು ಕಟ್ಟಿದ ಸೇಂಟ್ ಆಗಸ್ಟೀನ್‌ಗೆ ಒಂದು ದಿನದ ಮಟ್ಟಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಅಮ್ಮನಿಗೆ ಮಂಡಿ ನೋವು, ಇಬ್ಬರೂ ಸಸ್ಯಾಹಾರಿಗಳು. ಹೋಗಿ ಬಂದವರು ದಯವಿಟ್ಟು ತಿಳಿಸಿ.

ಜಾಕ್ಸನ್‌ವಿಲ್‌ನಿಂದ: ಮೊದಲು ಕೋಟೆಗೆ ಹೋಗಿ, ಅದೂ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ. ಊರು ಹುಟ್ಟಿದ್ದು 1565ರಲ್ಲಾದರೂ ಬಹಳ ಕಾಲ ಅದಕ್ಕೆ ಮರದ ಕೋಟೆಗಳೇ ಗತಿಯಾಗಿದ್ದವು. 1668ರಲ್ಲಿ ಕಡಲ್ಗಳ್ಳರು ಊರನ್ನು ಲೂಟಿ ಮಾಡಿದ ಮೇಲೆ ಸರ್ಕಾರಕ್ಕೆ ಎಚ್ಚರವಾಯಿತು. ಕಾಸ್ತಿಯೋ ದೆ ಸಾನ್ ಮಾರ್ಕೋಸ್ ಎಂಬ ಈ ಕಲ್ಲಿನ ಕೋಟೆಯ ಕೆಲಸ 1672ರಲ್ಲಿ ಶುರುವಾಗಿ 1695ರಲ್ಲಿ ಮುಗಿಯಿತು.

ಗೋಡೆಯ ಹತ್ತಿರ ನಿಂತು ನೋಡಿ. ಕಲ್ಲೆಂದರೆ ಬರೀ ಚಿಪ್ಪು! ಉಗುರಿನಷ್ಟು ಚಿಕ್ಕ ಕಡಲಚಿಪ್ಪುಗಳು ಒಂದಕ್ಕೊಂದು ಅಂಟಿ ಗಟ್ಟಿಯಾದ ಕೊಕೀನಾ ಎಂಬ ಕಲ್ಲನ್ನು ಎದುರಿನ ಅನಸ್ತೇಸಿಯಾ ದ್ವೀಪದಿಂದ ಕಡಿದು ತಂದಿದ್ದಾರೆ. ಕುಂದಾಪುರದ ನಮ್ಮ ಮಾವ ನೋಡಿದೊಡನೆ, “ನಮ್ಮ ಮುರಕಲ್ಲಿನ ಜಾತಿಯೇ ಇರಬೇಕು” ಎಂದರು. ಜಾತಿ ಬೇರೆ, ಗುಣ ಮಾತ್ರ ಅದೇ: ಕಡಿಯುವಾಗ ಮೆದು, ಗಾಳಿಗೆ ಒಣಗಿದ ಮೇಲೆ ಗಟ್ಟಿ. ಒಳಗೆಲ್ಲ ಸಣ್ಣ ತೂತುಗಳಿರುವುದರಿಂದ ಫಿರಂಗಿ ಗುಂಡು ಬಿದ್ದರೆ ಗೋಡೆ ಸೀಳುವುದಿಲ್ಲ, ಗುಂಡೇ ಹೂತುಕೊಳ್ಳುತ್ತದೆ. 1702ರಲ್ಲಿ ಇಂಗ್ಲಿಷರು ಐವತ್ತು ದಿನಗಳಷ್ಟು ಮುತ್ತಿಗೆ ಹಾಕಿದರೂ ಕೋಟೆ ದಕ್ಕಲಿಲ್ಲ. ಹಿಂದಿರುಗುವಾಗ ಊರಿಗೇ ಬೆಂಕಿ ಇಟ್ಟರು.

ಆದ್ದರಿಂದ ಅಲ್ಲಿನ ಯಾವ ಮನೆಯೂ 1565ರದಲ್ಲ. ಸೇಂಟ್ ಜಾರ್ಜ್ ಬೀದಿಯಲ್ಲಿ ‘ಅತ್ಯಂತ ಹಳೆಯ’ ಎಂಬ ಫಲಕ ಕಂಡಲ್ಲೆಲ್ಲ ನಿಲ್ಲಬೇಕಾಗಿಲ್ಲ. ಆ ಬೀದಿಯ ಎಷ್ಟೋ ‘ಸ್ಪ್ಯಾನಿಷ್’ ಮನೆಗಳು 1960ರ ದಶಕದ ಆಚೀಚೆ ಹೊಸದಾಗಿ ಕಟ್ಟಿದವು. ಅವುಗಳಲ್ಲಿ ಈಗ ಟೀ ಶರ್ಟ್, ಮಿಠಾಯಿ ವ್ಯಾಪಾರ. ಒಂದು ಸುತ್ತು ಹಾಕಿ, ಊರ ನಡುವಿನ ಚೌಕವಾದ ಪ್ಲಾಜಾ ದಾಟಿ ದಕ್ಷಿಣಕ್ಕೆ ನಡೆಯಿರಿ. ಅವಿಲೆಸ್ ಬೀದಿಯ ಆಚೆ ಗದ್ದಲ ಇಳಿಯುತ್ತದೆ. ಸೇಂಟ್ ಫ್ರಾನ್ಸಿಸ್ ಬೀದಿಯ ಗೊನ್ಸಾಲೆಸ್-ಆಲ್ವಾರೆಸ್ ಮನೆಯನ್ನು ತಪ್ಪಿಸಬೇಡಿ. ಅದರ ಕೆಳ ಅಂತಸ್ತು ಸ್ಪೇನ್ ಕಾಲದ ಕೊಕೀನಾ. ಮೇಲಿನ ಮರದ ಅಂತಸ್ತು, 1763ರ ನಂತರ ಇಪ್ಪತ್ತು ವರ್ಷ ಫ್ಲಾರಿಡಾ ಬ್ರಿಟಿಷರ ಕೈಯಲ್ಲಿದ್ದಾಗ ಸೇರಿಸಿದ್ದು. ಆ ಬಳಿಕ ಮತ್ತೆ ಸ್ಪೇನ್, 1821ರಲ್ಲಿ ಅಮೆರಿಕ.

ಟ್ಯಾಂಪಾದಿಂದ: ಮಂಡಿ ನೋವಿನವರ ಕಡೆಯಿಂದ ನಾನು ಹೇಳುತ್ತೇನೆ, ನನ್ನ ಅತ್ತೆಯದೂ ಇದೇ ಕಥೆ. ಕೋಟೆಯ ಅಂಗಳ ಮತ್ತು ಅದರ ಸುತ್ತಲಿನ ಕೋಣೆಗಳು ನೆಲಮಟ್ಟದಲ್ಲೇ ಇವೆ. ಫಿರಂಗಿಗಳಿರುವ ಮೇಲ್ಛಾವಣಿಗೆ ಮೆಟ್ಟಿಲೊಂದೇ ದಾರಿ. ಅಮ್ಮ ಕೆಳಗೇ ಕುಳಿತಿರಲಿ, ಅಪ್ಪನನ್ನು ಹತ್ತಿಸಿ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ, ಮಿಂಚಿದರೆ ಮೇಲ್ಛಾವಣಿ ಮುಚ್ಚುತ್ತಾರೆ. ಬೆಳಿಗ್ಗೆ ಹೋಗಲು ಇದೂ ಒಂದು ಕಾರಣ. ಕಾರನ್ನು ಪ್ರವಾಸಿ ಕೇಂದ್ರದ ಪಕ್ಕದ ಬಹುಮಹಡಿ ನಿಲ್ದಾಣದಲ್ಲಿ ಬಿಡಿ, ಬೀದಿಯಲ್ಲಿ ಜಾಗ ಹುಡುಕುತ್ತ ತಿರುಗಬೇಡಿ. ಬೇಕಾದಲ್ಲಿ ಹತ್ತಿ ಇಳಿಯಬಹುದಾದ ಟ್ರಾಲಿ ಬಸ್ಸುಗಳಿವೆ; ಅದಕ್ಕೆ ಕೊಡುವ ಹಣ ದಂಡವಲ್ಲ.

ಊಟದ ವಿಷಯದಲ್ಲಿ ಹುಷಾರು. ಅನ್ನದ ಜೊತೆ ಕೊಡುವ ಕಪ್ಪು ಕಾಳಿನ ಸಾರು ನೋಡಲು ನಮ್ಮದರಂತೆಯೇ ಇರುತ್ತದೆ, ಎಷ್ಟೋ ಕಡೆ ಅದಕ್ಕೆ ಹಂದಿಮಾಂಸ ಹಾಕಿ ಕುದಿಸುತ್ತಾರೆ. ಕೇಳದೆ ತಟ್ಟೆಗೆ ಹಾಕಿಸಿಕೊಳ್ಳಬೇಡಿ. ನಾವು ಪುಳಿಯೋಗರೆ ಕಟ್ಟಿಕೊಂಡು ಹೋಗಿ ಪ್ಲಾಜಾದ ಮರದ ನೆರಳಲ್ಲಿ ತಿಂದೆವು. ಅಲ್ಲಿಯ ದಾಟಿಲ್ ಮೆಣಸಿನಕಾಯಿಯ ಸಾಸ್ ಒಂದು ಶೀಸೆ ತನ್ನಿ, ಅಪ್ಪನಿಗೆ ಖಾರ ಇಷ್ಟವಿದ್ದರೆ ದೋಸೆಗೂ ಆಗುತ್ತದೆ.

ಗೇನ್ಸ್‌ವಿಲ್‌ನಿಂದ: ಸಮಯ ಉಳಿದರೆ ಊರಿನ ಉತ್ತರಕ್ಕಿರುವ ಫೋರ್ಟ್ ಮೊಸೆಗೆ ಹೋಗಿ. ಇಂಗ್ಲಿಷ್ ವಸಾಹತುಗಳಿಂದ ತಪ್ಪಿಸಿಕೊಂಡು ಬಂದ ಗುಲಾಮರಿಗೆ ಸ್ಪೇನ್ ಬಿಡುಗಡೆ ಕೊಟ್ಟು 1738ರಲ್ಲಿ ನೆಲೆ ಮಾಡಿಕೊಟ್ಟ ಜಾಗ. ಕ್ಯಾಥೊಲಿಕರಾಗಬೇಕು, ಸ್ಪೇನ್ ಪರ ಕಾದಾಡಬೇಕು ಎಂಬ ಷರತ್ತೂ ಇತ್ತು, ಔದಾರ್ಯವೊಂದೇ ಅಲ್ಲ. ಅದೇ ಊರಿನ ಪ್ಲಾಜಾದಲ್ಲಿ 1964ರ ನಾಗರಿಕ ಹಕ್ಕು ಹೋರಾಟಗಾರರ ಸ್ಮಾರಕವೂ ಇದೆ. ಆ ವರ್ಷ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಇದೇ ಊರಿನಲ್ಲಿ ಬಂಧಿಸಿದ್ದರು. ಇನ್ನೊಂದು ಮಾತು, ಡಿಸೆಂಬರ್‌ನ ಶನಿವಾರ ಸಂಜೆ ಮಾತ್ರ ಬೇಡವೇ ಬೇಡ. ದೀಪಾಲಂಕಾರ ನೋಡಲು ಬಂದವರ ಕಾರಿನ ಸಾಲಿನಲ್ಲೇ ನಿಮ್ಮ ಸಂಜೆ ಮುಗಿಯುತ್ತದೆ.