‘ಫೋರ್‌ಬೇರ್ಸ್’ ಎಂದರೆ ಪೂರ್ವಜರೋ, ಹಿಂದಿನ ಪದಾಧಿಕಾರಿಗಳೋ?

ಪ್ರಶ್ನೆ:
ನಮ್ಮ ಸಹಕಾರ ಸಂಘದ ಸ್ಮರಣ ಸಂಚಿಕೆಯ ಇಂಗ್ಲಿಷ್ ಭಾಗವನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಸಂಘದ ಹಿಂದಿನ ಅಧ್ಯಕ್ಷರೆಲ್ಲರನ್ನೂ ಈಗಿನ ಅಧ್ಯಕ್ಷರ ‘ಫೋರ್‌ಬೇರ್ಸ್’ ಎಂದು ಕರೆದಿದ್ದಾರೆ. ಇದು ಸರಿಯೆ, ಅಥವಾ ‘ಪ್ರೆಡಿಸೆಸರ್ಸ್’ ಎನ್ನಬೇಕೆ? ಹೆರುವುದು ಎಂಬ ಅರ್ಥದ ‘ಬೇರ್’ನಿಂದಲೇ ಈ ಪದ ಹುಟ್ಟಿ, ‘ನಮ್ಮನ್ನು ಹೆತ್ತವರು’ ಎಂಬ ಅರ್ಥ ಬಂದಿರಬಹುದೆ? ನಡುವಿನ ‘ಇ’ ಅಕ್ಷರವಿಲ್ಲದೆಯೂ ಇದನ್ನು ಬರೆದದ್ದನ್ನು ನೋಡಿದ್ದೇನೆ.

ಉತ್ತರ 1:
ಹೆರುವ ‘ಬೇರ್’ಗೂ ಇದಕ್ಕೂ ಸಂಬಂಧವಿಲ್ಲ. ‘ಫೋರ್’ ಎಂದರೆ ಮುಂಚೆ. ಉಳಿದದ್ದು ‘ಇರು’ ಎಂಬ ಅರ್ಥದ ‘ಬಿ’ ಕ್ರಿಯಾಪದಕ್ಕೆ ‘ಅರ್’ ಪ್ರತ್ಯಯ ಸೇರಿ ಆದದ್ದು. ಸ್ಕಾಟ್ಲೆಂಡಿನ ಇಂಗ್ಲಿಷಿನಲ್ಲಿ 15ನೆಯ ಶತಮಾನದ ಹೊತ್ತಿಗೆ ಕಾಣಿಸಿಕೊಂಡ ಈ ಪದಕ್ಕೆ ಮೂಲದಲ್ಲಿ ‘ಮುಂಚೆ ಇದ್ದವರು’ ಎಂದಷ್ಟೇ ಅರ್ಥವಾದರೂ, ಬಳಕೆಯಲ್ಲಿ ಅದು ವಂಶಕ್ಕೆ ಅಂಟಿಕೊಂಡಿತು. ‘ಪ್ರೆಡಿಸೆಸರ್’ ಲ್ಯಾಟಿನ್‌ನಿಂದ ಬಂದದ್ದು. ಅದರೊಳಗೆ ಬಿಟ್ಟು ಹೊರಡುವ ಅರ್ಥವಿರುವುದರಿಂದ ಅದು ಪದವಿಗೆ ಸಹಜವಾಗಿ ಹೊಂದುತ್ತದೆ.

ಮೈಸೂರು ಅರಸರನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. 1940ರಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ದೊಡ್ಡಪ್ಪ. ಅದೇ ಸಿಂಹಾಸನದಲ್ಲಿ ಅವರಿಗಿಂತ ಮೊದಲು ಕುಳಿತಿದ್ದವರಾದ್ದರಿಂದ ‘ಪ್ರೆಡಿಸೆಸರ್’, ಆದರೆ ಹುಟ್ಟಿನ ನೇರ ಸಾಲಿನಲ್ಲಿ ಬರುವವರಲ್ಲ. ತಂದೆ ಕಂಠೀರವ ನರಸಿಂಹರಾಜ ಒಡೆಯರು ಆ ಸಾಲಿನವರೇ ಆದರೂ, ಯುವರಾಜರಾಗಿಯೇ ತೀರಿಕೊಂಡದ್ದರಿಂದ ‘ಪ್ರೆಡಿಸೆಸರ್’ ಆಗಲಿಲ್ಲ. ಅಜ್ಜ ಚಾಮರಾಜೇಂದ್ರ ಒಡೆಯರು ಮಾತ್ರ ಎರಡೂ ಹೌದು. ನಿಮ್ಮ ಸಂಘದ ಅಧ್ಯಕ್ಷಗಿರಿ ವಂಶಪಾರಂಪರ್ಯವಲ್ಲದಿದ್ದರೆ (ಕೆಲವು ಸಂಘಗಳ ವಿಷಯದಲ್ಲಿ ಹೀಗೆ ಕೇಳಿಯೇ ಬರೆಯಬೇಕಾಗುತ್ತದೆ) ‘ಪ್ರೆಡಿಸೆಸರ್ಸ್’ ಎಂದೇ ತಿದ್ದಿ.

ಉತ್ತರ 2:
ಮೇಲಿನ ಉದಾಹರಣೆ ಒಳ್ಳೆಯದು, ಆದರೆ ತಂದೆಯನ್ನು ಯಾರೂ ‘ಫೋರ್‌ಬೇರ್’ ಎನ್ನುವುದಿಲ್ಲ. ಆ ಪದ ಹಲವು ತಲೆಮಾರು ಹಿಂದಿನವರನ್ನು ಒಟ್ಟಾಗಿ ನೆನೆಯುವಾಗ, ಹೆಚ್ಚಾಗಿ ಬಹುವಚನದಲ್ಲಿ, ಸ್ವಲ್ಪ ಗಂಭೀರ ಧಾಟಿಯಲ್ಲಿ ಬರುತ್ತದೆ. ರಕ್ತಸಂಬಂಧವೇ ಇರಬೇಕೆಂಬ ಕಟ್ಟುನಿಟ್ಟೂ ಇಲ್ಲ. ಸಾಹಿತ್ಯ, ಸಂಗೀತ, ವಿಚಾರಗಳ ಪರಂಪರೆಗೂ ಅದನ್ನು ಬಳಸುತ್ತಾರೆ. ಕವಿರಾಜಮಾರ್ಗವು ವಿಮಳ, ಉದಯ, ನಾಗಾರ್ಜುನ, ದುರ್ವಿನೀತ ಮೊದಲಾದವರನ್ನು ತನಗಿಂತ ಹಿಂದಿನ ಗದ್ಯಕಾರರೆಂದು ಹೆಸರಿಸುತ್ತದೆ. ಅವರನ್ನು ಕನ್ನಡ ಗದ್ಯದ ‘ಫೋರ್‌ಬೇರ್ಸ್’ ಎಂದು ಇಂಗ್ಲಿಷಿನಲ್ಲಿ ಬರೆದರೆ ತಪ್ಪಾಗದು. ಕನ್ನಡದಲ್ಲಿ ಅಂಥವರಿಗೆ ‘ಪೂರ್ವಸೂರಿಗಳು’ ಎಂಬ ಸೊಗಸಾದ ಮಾತೇ ಇದೆ. ಸಂಘವನ್ನು ಕಟ್ಟಿದ ಮೊದಲ ತಲೆಮಾರಿನವರನ್ನು ಗೌರವದಿಂದ ಸ್ಮರಿಸುವ ವಾಕ್ಯವಾಗಿದ್ದರೆ ನಾನಾದರೆ ಆ ಪದವನ್ನು ಉಳಿಸುತ್ತಿದ್ದೆ. ಅಧ್ಯಕ್ಷರ ಪಟ್ಟಿಯಾಗಿದ್ದರೆ ಬೇಡ.

ಉತ್ತರ 3:
ಕಾಗುಣಿತದ ಬಗ್ಗೆ ಒಂದು ಮಾತು. ನಡುವಿನ ‘ಇ’ ಇಲ್ಲದ ರೂಪ ಮುಖ್ಯವಾಗಿ ಕ್ರಿಯಾಪದ: ತಡೆದುಕೊಳ್ಳುವುದು, ಸಹಿಸಿ ಸುಮ್ಮನಿರುವುದು. ಅದರಲ್ಲಿ ಒತ್ತು ಎರಡನೆಯ ಭಾಗಕ್ಕೆ. ನಾಮಪದದಲ್ಲಿ ಮೊದಲ ಭಾಗಕ್ಕೆ. ನಾಮಪದಕ್ಕೂ ಆ ಚಿಕ್ಕ ರೂಪವನ್ನು ಒಪ್ಪುವ ನಿಘಂಟುಗಳಿವೆ, ಆದರೆ ಅಚ್ಚಿಗೆ ಹೋಗುವ ಬರಹದಲ್ಲಿ ಎರಡನ್ನೂ ಬೇರೆಯಾಗಿಡುವುದೇ ಕ್ಷೇಮ.

ಪ್ರಶ್ನಿಸಿದವರು:
ಎಲ್ಲರಿಗೂ ವಂದನೆಗಳು. ನಮ್ಮಲ್ಲಿರುವುದು ಅಧ್ಯಕ್ಷರ ಪಟ್ಟಿಯೇ, ಆದ್ದರಿಂದ ‘ಪ್ರೆಡಿಸೆಸರ್ಸ್’ ಎಂದು ತಿದ್ದುತ್ತೇನೆ. ಸಂಸ್ಥಾಪಕರನ್ನು ಕುರಿತ ಮುನ್ನುಡಿಯಲ್ಲಿಯೂ ‘ಫೋರ್‌ಬೇರ್ಸ್’ ಒಮ್ಮೆ ಬಂದಿದೆ. ಅದನ್ನು ಹಾಗೆಯೇ ಬಿಡುತ್ತೇನೆ.